ಜೈಭೀಮ ಹೇಳಿದ್ದು ನನಗೊಬ್ಬನಿಗೆ

ನಿಗಡಿ, ಪುಣೆ
೮ ಜುಲೈ ೨೦೨೪

ಕಟ್ಟೆಯ ಮೇಲೆ ಕುಳಿತ ಮಹಾಜನಗಳೇ! ಬೆಳಗಾವಿ ಶಹಾಪುರದ ಓಣಿಯ ತಾಯಂದಿರೇ, ಅಕ್ಕಂದಿರೇ, ಹಪ್ಪಳ ಲಟ್ಟಿಸುತ್ತಲೇ ಕಿವಿಗೊಟ್ಟವರೇ, ಬಾಗಿಲ ಮರೆಯಲ್ಲಿ ನಿಂತು ‘ನಾವೇನ್ ಕೇಳಾಕತ್ತಿಲ್ಲವಾ’ ಎಂದು ನಟಿಸುತ್ತಿರುವವರೇ! ಎಲ್ಲರಿಗೂ ಈ ಬಡ ನಟನ ಸಾಷ್ಟಾಂಗ ನಮಸ್ಕಾರ!

ಈ ಕಾಗದವನ್ನು ಎತ್ತಿ ಹಿಡಿದು ನಿಮಗೆ ಓದಿ ಹೇಳುತ್ತಿರುವವಳು ನನ್ನ ಸೋದರತ್ತೆ ರಂಗೂಬಾಯಿ. ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ರಾಣಿಯಾಗಿ ಮೆರೆದವಳು. ಈಗ ಅವಳ ಕಿವಿ ಮಂದ. ಫೋನಿನಲ್ಲಿ ನಾನು ಕೂಗಿದರೆ ಪಕ್ಕದ ಕೋಣೆಯವರು ಬಂದು ಬಾಗಿಲು ಬಡಿಯುತ್ತಾರೆ. ಅವಳಿಗೆ ಮಾತ್ರ ಕೇಳಿಸುವುದಿಲ್ಲ. ಆದ್ದರಿಂದ ಈ ಕಾಗದ.

ಕೇಳಿರಿ! ತಾಯಿಯಿಲ್ಲದ ನನ್ನನ್ನು ಅತ್ಯಾ ಪರದೆಯ ಹಿಂದೆ ಸಾಕಿದಳು. ಆರು ವರ್ಷ ನಾನೂ ಬಣ್ಣ ಹಚ್ಚಿದೆ. ಕಂಪನಿ ಮುಚ್ಚಿತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಪುಣೆಗೆ ಬಂದು, ನನಗಿಂತ ಐದು ವರ್ಷ ಚಿಕ್ಕವರ ಪಕ್ಕದಲ್ಲಿ ಕೂತು ಎಂ.ಬಿ.ಎ. ಫೈನಾನ್ಸ್ ಓದಿದೆ. ಮೊದಲ ತಿಂಗಳು ಜಮಾ ಯಾವುದು ಖರ್ಚು ಯಾವುದು ಎಂದೇ ತಿಳಿಯಲಿಲ್ಲ. ಇಂದು ಅದೇ ದೇವಾನಂದ ಶಿವಾಜಿನಗರದ ಒಂದು ಫೈನಾನ್ಸ್ ಕಂಪನಿಯಲ್ಲಿ ಟ್ರೇನಿ! ಸಣ್ಣ ಕಾರ್ಖಾನೆಗಳಿಗೆ ಸಾಲ ಕೊಡುವ ಕಂಪನಿ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಬರೆದು ಒಪ್ಪಿಸುವುದು ನನ್ನ ಕೆಲಸ.

ಆದರೆ ಪೂರ್ತಿ ಕೇಳಿರಿ. ನಮ್ಮ ವಿಭಾಗಕ್ಕೆ ಇಬ್ಬರು ಟ್ರೇನಿಗಳು. ಆರು ತಿಂಗಳ ಕೊನೆಗೆ ಉಳಿಯುವವನು ಒಬ್ಬ. ಇನ್ನೊಬ್ಬನಿಗೆ ನಮಸ್ಕಾರ. ಇದನ್ನು ಮೊದಲ ದಿನವೇ ನಮ್ಮ ಮುಖ್ಯಸ್ಥೆ ಕಾಮಾಕ್ಷಮ್ಮನವರು ಹೇಳಿಬಿಟ್ಟರು. ಮೈಸೂರು ಕಡೆಯವರು, ಐವತ್ತು ದಾಟಿದವರು, ಧ್ವನಿ ಏರಿಸುವುದೇ ಇಲ್ಲ. ‘ನೋಡಿ, ನಾನು ಯಾರಿಗೂ ಸುಳ್ಳು ಹೋಪ್ ಕೊಡಲ್ಲ’ ಎಂದರು. ಎಂಥ ಹೆಂಗಸು ಅತ್ಯಾ!

ಆ ಇನ್ನೊಬ್ಬನ ಹೆಸರು ಪ್ರಣವ. ಧಾರವಾಡದ ಮಂದಿ, ಎರಡು ತಲೆಮಾರಿನಿಂದ ನಿಗಡಿಯಲ್ಲೇ ಇದ್ದಾರೆ. ಅವನೂ ನನ್ನಂತೆ ದಾರಿ ಬದಲಿಸಿದವ. ಚಾಕಣದ ಕಾರ್ಖಾನೆಯೊಂದರಲ್ಲಿ ಮೂರು ವರ್ಷ ಎಂಜಿನಿಯರ್ ಆಗಿದ್ದ. ತರಬೇತಿಗೆಂದು ನಮ್ಮನ್ನು ಒಂದು ವಾರ ಲೋಣಾವಳಾಕ್ಕೆ ಕರೆದೊಯ್ದಿದ್ದರು. ಹಿಂತಿರುಗುವಾಗ ನಾನು ನನಗಾಗಿ ಒಂದು ಪೊಟ್ಟಣ ಚಿಕ್ಕಿ ಕೊಂಡೆ. ಅವನು ಬಸ್ಸಿನ ಡ್ರೈವರನಿಗೂ ಸೇರಿಸಿ ಹದಿನಾಲ್ಕು ಪೊಟ್ಟಣ ಕೊಂಡ. ಎಲ್ಲರೂ ಅವನ ಹೆಸರು ಹಿಡಿದು ಕರೆಯುತ್ತಾರೆ. ನನ್ನನ್ನು ‘ಆ ಇನ್ನೊಬ್ಬರು’ ಎನ್ನುತ್ತಾರೆ.

ನಿಮ್ಮವ,
ದೇವಾನಂದ

*

ಶಹಾಪುರ, ಬೆಳಗಾವಿ
೧೭ ಜುಲೈ ೨೦೨೪

ದೇವ್ಯಾ,

ನಾ ಮಾತಾಡಿದಂಗ ಬರೀತೀನಿ, ತಪ್ಪು ಹುಡುಕಬ್ಯಾಡ. ನಿನ್ನ ಕಾಗದ ಎರಡ ಸಲ ಓದಿದೆ. ‘ನಮಸ್ಕಾರ’ ಅನ್ನೂ ಕಡೆ ಬಾಜೂ ಮನಿ ರುದ್ರವ್ವ ಕಣ್ಣೀರ ಹಾಕಿದ್ಲು. ಅಕಿಗೆ ಅಳಾಕ ಏನರ ಬೇಕು, ನಿನಗ ಗೊತ್ತಲ್ಲ.

ಕಾಮಾಕ್ಷಮ್ಮ ಧ್ವನಿ ಏರ್ಸೂದಿಲ್ಲ ಅಂತ ಬರದಿ. ನಾ ಏರಿಸಿದ್ದಕ್ಕ ನಿನ್ನ ಹೊಟ್ಟಿ ತುಂಬೇತಿ, ಅದು ನೆನಪಿರಲಿ. ‘ಎಂಥ ಹೆಂಗಸು’ ಅಂತ ಬರ್ಯಾಕ ಆಕಿ ನಿನಗ ಏನ್ ಕಲಿಸ್ಯಾಳ, ಬಂದು ಎಂಟ ದಿನದಾಗ?

ಆ ಹುಡುಗ ಚಿಕ್ಕಿ ಹಂಚಿದ್ರ ನೀ ತಿನ್ನು. ಹೊಟ್ಟಿಕಿಚ್ಚು ಪಡಬ್ಯಾಡ.

ರಂಗೂಬಾಯಿ

*

ನಿಗಡಿ
೨೫ ಆಗಸ್ಟ್ ೨೦೨೪

ಸಭಿಕರೇ, ಇಂದಿನ ಅಂಕದಲ್ಲಿ ನಾಯಕನ ಮಾನಭಂಗ! ಅತ್ಯಾ, ಓದುವಾಗ ಇಲ್ಲಿ ಸ್ವಲ್ಪ ನಿಲ್ಲಿಸು, ಎಲ್ಲರೂ ನಕ್ಕು ಮುಗಿಸಲಿ.

ಸಾಲ ಸಮಿತಿಯ ಮುಂದೆ ನನ್ನ ಮೊದಲ ಪ್ರವೇಶ. ಪಿಂಪ್ರಿಯ ಒಂದು ಬೇಕರಿಯ ಸಾಲದ ಟಿಪ್ಪಣಿ, ಹನ್ನೊಂದು ಪುಟ. ನಾನು ಏನು ಮಾಡಿದೆ? ನಾವು ನಾಟಕದವರು ಏನು ಮಾಡುತ್ತೇವೋ ಅದನ್ನೇ. ಹನ್ನೊಂದೂ ಪುಟವನ್ನು ಬಾಯಿಪಾಠ ಮಾಡಿದೆ! ಒಂದು ಅಲ್ಪವಿರಾಮ ಬಿಡಲಿಲ್ಲ. ಎದ್ದು ನಿಂತೆ, ಎದೆ ಉಬ್ಬಿಸಿದೆ, ಆರಂಭಿಸಿದೆ. ಮೂರು ಪುಟ ಗಂಗೆಯಂತೆ ಹರಿಯಿತು. ನಾಲ್ಕನೆಯ ಪುಟದ ನಡುವೆ ಒಬ್ಬ ಮಹಾಶಯ ಬೆರಳೆತ್ತಿ, ‘ಹೋದ ವರ್ಷ ಲಾಭ ಯಾಕೆ ಕಡಿಮೆಯಾಯಿತು?’ ಎಂದು ಕೇಳಿದ.

ನಾಟಕದಲ್ಲಿ ಪ್ರೇಕ್ಷಕ ನಡುವೆ ಎದ್ದು ಪ್ರಶ್ನೆ ಕೇಳುತ್ತಾನೆಯೇ? ನಾನು ನಿಂತೆ. ಆಮೇಲೆ, ದೇವರಾಣೆಗೂ, ಬೇರೆ ದಾರಿ ಕಾಣದೆ ಮತ್ತೆ ಮೊದಲಿನಿಂದ ಶುರು ಮಾಡಿದೆ: ‘ಮಾನ್ಯ ಸಮಿತಿಗೆ ನಮಸ್ಕಾರ...’

ನಕ್ಕರು. ಚಹಾ ತಂದವನೂ ನಕ್ಕ. ಆಗ ಪಕ್ಕದಲ್ಲಿದ್ದ ಪ್ರಣವ ಪಿಸುಗುಟ್ಟಿದ: ‘ಹಳೇ ಒಲಿ ಕೆಟ್ಟು ಎರಡ ತಿಂಗಳ ಬಂದ್ ಇತ್ತಲ್ಲೋ, ಅದನ್ನ ಹೇಳು.’ ಹೇಳಿದೆ. ಬದುಕಿದೆ. ಎಲ್ಲರೂ ಅವನ ಕಡೆಗೆ ನೋಡಿ ತಲೆಯಾಡಿಸಿದರು! ಪಾತ್ರ ನನ್ನದು, ಬೆವರು ನನ್ನದು, ಮೆಚ್ಚುಗೆ ಅವನಿಗೆ!

ಹೊರಗೆ ಬಂದ ಮೇಲೆ ಕಾಮಾಕ್ಷಮ್ಮನವರು, ‘ದೇವಾನಂದ್, ನಿಮ್ಮ ವಾಯ್ಸ್ ತುಂಬಾ ಚೆನ್ನಾಗಿದೆ. ನಮಗೆ ಡೈಲಾಗ್ ಬೇಡ, ಉತ್ತರ ಬೇಕು’ ಎಂದರು. ಮೆಲ್ಲಗೆ ಎಂದರು. ಅದೇ ಹೆಚ್ಚು ಉರಿಯಿತು.

ಇನ್ನೊಂದು ಮಾತು. ದಿನವೂ ಆಕುರ್ಡಿಯಿಂದ ಇಬ್ಬರೂ ಒಂದೇ ಲೋಕಲ್‌ನಲ್ಲಿ ಹೋಗುತ್ತೇವೆ. ಅವನ ತಾಯಿ ನನಗೂ ಸೇರಿಸಿ ಡಬ್ಬಿ ಕೊಡುತ್ತಾರೆ. ಅವರ ಬದನೇಕಾಯಿ ಪಲ್ಯ ಥೇಟ್ ನಿನ್ನದರ ಹಾಗೆ. ತಿನ್ನುತ್ತೇನೆ, ಅತ್ಯಾ. ಒಂದು ಅಗುಳನ್ನೂ ಬಿಡದೆ ತಿನ್ನುತ್ತೇನೆ. ತಿನ್ನುತ್ತಲೇ ಅವನು ರೈಲು ತಪ್ಪಿಸಿಕೊಳ್ಳಲಿ ಎಂದು ಬೇಡುತ್ತೇನೆ.

ದೇವಾನಂದ

*

ಶಹಾಪುರ
೬ ಸೆಪ್ಟೆಂಬರ್ ೨೦೨೪

ದೇವ್ಯಾ,

ನಾಳೆ ಗಣಪತಿ. ನಿನ್ನ ಹೆಸರಲೆ ಕಡಬು ಮಾಡ್ತೀನಿ, ರುದ್ರವ್ವ ತಿಂತಾಳ.

‘ನಿನ್ನದರ ಹಾಗೆ’ ಅಂತ ಬರದೀ. ನನ್ನ ಬದನಿಕಾಯಿ ಪಲ್ಯ ಯಾರದರ ಹಂಗೂ ಇಲ್ಲ. ಆ ಹುಡುಗನ ಅವ್ವ ಎಳ್ಳ ಹುರದು ಹಾಕ್ತಾರೇನು? ಕೇಳಿ ಬರಿ. ಪುಣೇದಾಗ ನಿನಗ ಉಣಿಸಾಕ ಒಬ್ಬಾಕಿ, ಕಲಿಸಾಕ ಒಬ್ಬಾಕಿ. ನನಗೇನ್ ಉಳೀತು? ಕಾಗದ ಓದೂದು.

ಡೈಲಾಗ್ ಬ್ಯಾಡ ಅಂದ್ಲಂತ! ಆಕಿನ್ನ ಒಂದ ದಿನ ಸ್ಟೇಜ್ ಮ್ಯಾಲೆ ನಿಲ್ಲಸು. ನಾನೂ ನೋಡ್ತೀನಿ.

ಬಾಯಿಪಾಠ ಮಾತ್ರ ಬಿಡು. ಅದು ಆಕಿ ಅಂದದ್ದಕ್ಕಲ್ಲ, ನಾ ಅಂತೀನಿ ಅಂತ ಬಿಡು.

ರಂಗೂಬಾಯಿ

*

ನಿಗಡಿ
೧೪ ಅಕ್ಟೋಬರ್ ೨೦೨೪

ಮಹಾಜನಗಳೇ! ಎಳ್ಳು ಹುರಿದು ಹಾಕುತ್ತಾರಂತೆ. ಕ್ಷಮಿಸು ಅತ್ಯಾ.

ಈಗ ದೃಶ್ಯ ಚಾಕಣ! ಕಾರ್ಖಾನೆಗಳ ಕಾಡು! ಲಾರಿಗಳ ಘರ್ಜನೆ! ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇದೆ: ಸಾಲ ಕೇಳಿದವರ ಜಾಗಕ್ಕೆ ಯಾವತ್ತೂ ಇಬ್ಬರು ಹೋಗಬೇಕು. ಒಬ್ಬ ನೋಡುವವ, ಒಬ್ಬ ಬರೆಯುವವ. ನೋಡಿದವನ ಹೆಸರಿನಲ್ಲಿ ಟಿಪ್ಪಣಿ ಸಮಿತಿಗೆ ಹೋಗುತ್ತದೆ. ಬರೆದವನು ಕೇಳಿದ್ದೆಲ್ಲವನ್ನೂ ಶುದ್ಧಪ್ರತಿ ಮಾಡಿ ಮರುದಿನ ಅವನಿಗೆ ಒಪ್ಪಿಸಬೇಕು. ಈ ಸಲ ನೋಡುವವ ಪ್ರಣವ. ಬರೆಯುವ ಗುಮಾಸ್ತ ನಾನು.

ಕಾರ್ಖಾನೆಯ ಮಾಲೀಕ ಜೈಭೀಮ. ನಿಪ್ಪಾಣಿ ಕಡೆಯವರು, ನಲವತ್ತೈದರ ಆಸುಪಾಸು. ಹದಿನೆಂಟು ವರ್ಷ ಬೇರೆಯವರ ಯಂತ್ರ ನಡೆಸಿ ಈಗ ಸ್ವಂತ ಶೆಡ್ ಹಾಕಿದ್ದಾರೆ. ಕಾರುಗಳಿಗೆ ಬೇಕಾದ ಸಣ್ಣ ಲೋಹದ ಭಾಗಗಳನ್ನು ಮಾಡುತ್ತಾರೆ. ಹೊಸ ಯಂತ್ರವೊಂದಕ್ಕೆ ಸಾಲ ಬೇಕು. ನಾವು ಕನ್ನಡದವರು ಎಂದು ತಿಳಿದದ್ದೇ ತಡ, ಮರಾಠಿ ಬಿಟ್ಟರು: ‘ಬರ್ರಿ ಬರ್ರಿ ಸಾಹೇಬ್ರ, ಮೊದಲ ಚಹಾ, ಆಮ್ಯಾಲೆ ಮಶೀನು!’

ನಮ್ಮ ಪ್ರಣವ ಚಹಾ ಕುಡಿದನೇ? ಯಂತ್ರ ನೋಡಿದವನೇ ಊರು ಮರೆತ. ತೋಳು ಮಡಚಿ, ಬಗ್ಗಿ, ಅದರ ಹೊಟ್ಟೆಗೆ ಕಿವಿಯಿಟ್ಟು ನಿಂತುಬಿಟ್ಟ. ಕೆಲಸಗಾರರೆಲ್ಲ ಅವನ ಸುತ್ತ ನೆರೆದರು. ಹತ್ತು ನಿಮಿಷದಲ್ಲಿ ಅವನು ಅವರ ಮನೆಯವನು!

ನಾನು ಆಫೀಸು ಕೋಣೆಯಲ್ಲಿ ಕಾಗದಗಳ ಜೊತೆ. ಅಲ್ಲಿ ಜೈಭೀಮ ನನಗೊಬ್ಬನಿಗೆ ಒಂದು ಮಾತು ಹೇಳಿದರು. ಫೈಲಿನಲ್ಲಿ ಒಂದೇ ಗಿರಾಕಿಯ ಎರಡು ಆರ್ಡರ್ ಕಾಗದ ಇದ್ದವು, ನಲವತ್ತು ಲಕ್ಷದ್ದೊಂದು, ಐವತ್ತೆರಡು ಲಕ್ಷದ್ದೊಂದು. ‘ಸಾಹೇಬ್ರ, ಕಾಗದ ಎರಡ ಅದಾವ, ಆರ್ಡರ್ ಒಂದ ರೀ. ಮೊದಲಿಂದು ರದ್ದಾತು, ಅದರ ಬದಲಿ ಇದು ಬಂತು. ಬರಕೋರಿ, ನಾಳೆ ಗೊಂದಲ ಆಗಬಾರದು’ ಎಂದರು. ಬರೆದುಕೊಂಡೆ. ಎರಡನೆಯ ಕಾಗದದಲ್ಲಿ ಮೊದಲನೆಯದರ ಸುದ್ದಿಯೇ ಇರಲಿಲ್ಲ. ಅವರಾಗಿ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನೋಡಿದಿರಾ ಸಭಿಕರೇ! ಯಂತ್ರ ಅಪ್ಪಿಕೊಂಡವನಿಗೆ ಗೊತ್ತಿಲ್ಲದ್ದು ಈ ಗುಮಾಸ್ತನಿಗೆ ಗೊತ್ತು!

ದೇವಾನಂದ

*

ನಿಗಡಿ
೨ ಡಿಸೆಂಬರ್ ೨೦೨೪

ಗೆದ್ದೆ! ಗೆದ್ದೆ! ಭೇರಿ ಬಾರಿಸಿರಿ! ರುದ್ರವ್ವಾ, ಆರತಿ ತಟ್ಟೆ ತಾ!

ಉಳಿದವನು ನಾನು. ಶುಕ್ರವಾರ ಕಾಮಾಕ್ಷಮ್ಮನವರು ಕರೆದು ಹೇಳಿದರು. ಜನವರಿ ಒಂದರಿಂದ ಕಾಯಂ. ಪ್ರಣವನಿಗೆ ತಿಂಗಳ ಕೊನೆಗೆ ನಮಸ್ಕಾರ. ಚಾಕಣದ ಹಳೆಯ ಕಾರ್ಖಾನೆಯವರು ವಾಪಸ್ ಕರೆದಿದ್ದಾರಂತೆ. ಅವನ ಒಂದು ಟಿಪ್ಪಣಿ ಕೆಟ್ಟುಹೋಯಿತು. ಸಮಿತಿಯಲ್ಲಿ ಉತ್ತರ ಕೊಡಲಾಗಲಿಲ್ಲ. ನನ್ನದು ಪಾಸಾಯಿತು. ಇಷ್ಟೇ.

ಅವನು ಏನು ಮಾಡಿದ ಗೊತ್ತೇ? ಇಡೀ ವಿಭಾಗಕ್ಕೆ ಪೇಢೆ ಹಂಚಿದ! ನನ್ನ ಹೆಸರಿನಲ್ಲಿ! ಎಲ್ಲರ ಮುಂದೆ ನನ್ನನ್ನು ತಬ್ಬಿಕೊಂಡು, ‘ನಮ್ಮ ದೇವ್ಯಾ ಖರೇ ಹುಲಿ ಅದಾನ’ ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ಯಾರ ಸಲುವಾಗಿ ಒರೆಸಿಕೊಂಡರು? ಗೆದ್ದವನ ಸಲುವಾಗಿ ಅಲ್ಲ. ಸೋಲಿನ ಪಾತ್ರವನ್ನೂ ಅವನು ನನ್ನ ಗೆಲುವಿಗಿಂತ ಚೆನ್ನಾಗಿ ಮಾಡಿದ, ಅತ್ಯಾ.

ಇರಲಿ. ಸಂಕ್ರಾಂತಿಗೆ ನಿನಗೊಂದು ಇಳಕಲ್ ಸೀರೆ.

ದೇವಾನಂದ

*

ಶಹಾಪುರ
೧೧ ಡಿಸೆಂಬರ್ ೨೦೨೪

ದೇವ್ಯಾ,

ಆರತಿ ತಟ್ಟಿ ತರಲಿಲ್ಲ. ಯಾಕ ಅಂತ ಹೇಳ್ತೀನಿ.

ನಿನ್ನ ಕಾಗದ ಓದಿ ಮುಗಿಸಿದೆ, ಎಲ್ಲಾರೂ ಚಪ್ಪಾಳಿ ಹೊಡದ್ರು. ರುದ್ರವ್ವ ಮಾತ್ರ, ‘ಆ ನಿಪ್ಪಾಣಿಯವಂಗ ಮಶೀನು ಸಿಕ್ತೇನ್ರಿ?’ ಅಂತ ಕೇಳಿದ್ಲು. ಗೊತ್ತಿಲ್ಲವ್ವಾ, ಬರದಿಲ್ಲ ಅಂದೆ. ‘ಹಿಂದಿನ ಕಾಗದದಾಗ ಇತ್ತಲ್ರಿ, ಮತ್ತೊಮ್ಮೆ ಓದ್ರಿ’ ಅಂದ್ಲು. ಅಕ್ಟೋಬರದ್ದು ತಗದೆ. ಗಟ್ಟಿಯಾಗಿ ಓದಾಕ ಹತ್ತಿದೆ. ‘ಆರ್ಡರ್ ಒಂದ ರೀ’ ಅನ್ನೂ ಸಾಲಿಗೆ ಬಂದೆ, ಕಾಗದ ಮಡಚಿದೆ. ಕನ್ನಡಕ ಸರಿ ಇಲ್ಲ ಅಂತ ಸುಳ್ಳ ಹೇಳಿ ಒಳಗ ಬಂದೆ.

ಕೆಟ್ಟ ಟಿಪ್ಪಣಿ ಯಾವುದು ದೇವ್ಯಾ? ನೀ ಹೆಸರ ಬರದಿಲ್ಲ.

ಇದನ್ನ ಕಟ್ಟೀ ಮ್ಯಾಲೆ ಯಾರಿಗೂ ಓದಿಲ್ಲ, ನಿನಗಷ್ಟ ಬರೀತೀನಿ. ನಮ್ಮ ಕಂಪನ್ಯಾಗ ಚಿನ್ನು ಅಂತ ಒಬ್ಬಾಕಿ ಇದ್ಲು. ನೂಲಿಗೆ ಬಣ್ಣ ಹಾಕೂ ಮನಿಯಾಕಿ, ನಾಟಕ ಗೊತ್ತಿದ್ದಿಲ್ಲ. ಆರ ತಿಂಗಳಾಗ ಜನ ಆಕಿ ಹೆಸರ ಕೂಗಾಕ ಹತ್ತಿದ್ರು. ಒಂದ ಆಟದಾಗ ನನ್ನ ಎದುರಿಗೆ ನಿಂತಾಕಿ ಮಾತ ಮರತ್ಲು. ನನ್ನ ಮಾರಿ ನೋಡಿದ್ಲು. ಎದುರಿನ ಪಾತ್ರ ಮರತ್ರ ಏನರ ಒಂದ ಮಾತ ಹಚ್ಚಿ ಎತ್ತಿಕೋಬೇಕು, ಅದು ನಮ್ಮ ಧರ್ಮ. ನನಗ ಆಕಿ ಮಾತ ಪೂರಾ ಗೊತ್ತಿತ್ತು. ನಾ ಕೈಯಾನ ಬಳಿ ಸರಿ ಮಾಡ್ಕೊಂಡೆ. ಮಂದಿ ನಕ್ಕರು. ಕಲ್ಲ ಒಗದ್ರು. ಮರುದಿನ ಆಕಿ ಇರಲಿಲ್ಲ.

ಲಗ್ನ ಆಗಿ ಹೋದ್ಲು ಅಂತ ಎಲ್ಲಾರಿಗೂ ಹೇಳ್ಕೋತ ಬಂದೀನಿ. ನಿನಗೂ ಹಂಗ ಹೇಳಿದ್ದೆ. ಆಕಿ ಎಲ್ಲಿ ಹೋದ್ಲು ಖರೇ ನನಗ ಗೊತ್ತಿಲ್ಲ. ನಾ ಹುಡುಕಲೇ ಇಲ್ಲ.

ಸೀರಿ ಬ್ಯಾಡ.

ರಂಗೂಬಾಯಿ

*

ನಿಗಡಿ
೧೫ ಡಿಸೆಂಬರ್ ೨೦೨೪, ಭಾನುವಾರ

ಅತ್ಯಾ,

ಕೆಟ್ಟದ್ದು ಜೈಭೀಮರ ಟಿಪ್ಪಣಿಯೇ.

ಎಲ್ಲರನ್ನೂ ಕರೆದು ಕೂರಿಸು. ರುದ್ರವ್ವನನ್ನು ಮುಂದೆ ಕೂರಿಸು. ಗಟ್ಟಿಯಾಗಿ ಓದು, ಈ ಸಲ ನಡುವೆ ಮಡಚಬೇಡ. ಸಭಿಕರೇ, ಕೇಳಿರಿ: ಶುದ್ಧಪ್ರತಿ ಮಾಡುವಾಗ ನಾನು ಒಂದು ಸಾಲು ಬಿಟ್ಟೆ. ಮರೆತು ಬಿಡಲಿಲ್ಲ. ಅಲ್ಲಿಯವರೆಗೆ ಬರೆದೆ, ಪೆನ್ನು ಎತ್ತಿದೆ. ಅಂದು ಮಧ್ಯಾಹ್ನ ಕಾಮಾಕ್ಷಮ್ಮನವರು ಪ್ರಣವನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿ ನಕ್ಕಿದ್ದರು. ಅಲ್ಲಿಯವರೆಗಿನ ಮೂರು ತಿಂಗಳಲ್ಲಿ ನನ್ನ ಭುಜದ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಪೆನ್ನನ್ನು ಮುಂದಿನ ಸಾಲಿಗೆ ಇಟ್ಟೆ.

ಪ್ರಣವ ನನ್ನ ಪ್ರತಿ ನಂಬಿದ. ನಲವತ್ತಕ್ಕೆ ಐವತ್ತೆರಡು ಕೂಡಿಸಿ ತೊಂಬತ್ತೆರಡು ಲಕ್ಷದ ಆರ್ಡರ್ ಇದೆ ಎಂದು ಬರೆದ. ಸಮಿತಿಯವರು ಗಿರಾಕಿಗೆ ಫೋನ್ ಮಾಡಿ ವಿಚಾರಿಸಿದ್ದರು. ‘ಇಲ್ಲದ ಆರ್ಡರನ್ನು ಮಾಲೀಕ ತೋರಿಸಿದ್ದಾನೆ. ನೀವು ಒಂದು ಮಾತು ಕೇಳಲಿಲ್ಲವೇ?’ ಎಂದರು. ಪ್ರಣವ ನನ್ನ ಕಡೆಗೆ ತಿರುಗಿ, ‘ದೇವಾ, ಅವ್ರು ಏನರ ಅಂದಿದ್ರೇನು?’ ಎಂದ. ನೋಟ್‌ಬುಕ್ ನನ್ನ ತೊಡೆಯ ಮೇಲಿತ್ತು. ‘ನೆನಪಿಲ್ಲ’ ಎಂದೆ. ಇಷ್ಟು ವರ್ಷ ಬಣ್ಣ ಹಚ್ಚಿದವನು ನಾನು. ಅಷ್ಟು ಸಹಜವಾಗಿ ಯಾವ ಮಾತನ್ನೂ ಆಡಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ, ನಿನ್ನೆ, ಚಾಕಣಕ್ಕೆ ಹೋಗಿದ್ದೆ. ಜೈಭೀಮ ಚಹಾ ತರಿಸಿದರು.

‘ಫೈಲು ವಾಪಸ್ ಬಂತ್ರಿ. ಮಾಹಿತಿ ತಾಳೆ ಆಗೂದಿಲ್ಲ ಅಂತ ಒಂದ ಸಾಲು. ಏನ್ ತಾಳೆ ಆಗೂದಿಲ್ರಿ?’

‘ಆ ಎರಡು ಆರ್ಡರ್...’

‘ಅದನ್ನ ನಿಮಗ ಹೇಳಿದ್ನಲ್ರಿ? ನೀವು ಬರಕೊಂಡ್ರಿ. ನಾ ನೋಡೀನಿ.’

‘ಬರೆದುಕೊಂಡಿದ್ದೆ.’

ಅವರು ತಮ್ಮ ಚಹಾದ ಲೋಟ ಕೆಳಗಿಟ್ಟರು. ಬೈಯಲಿಲ್ಲ. ‘ಮಶೀನು ಕಾದಿರ್ಸಿದ್ದು ಈ ತಿಂಗಳ ಮೂವತ್ತೊಂದಕ್ಕ ಮುಗೀತದ ರೀ,’ ಎಂದರು. ‘ಅದು ಹೋಗಲಿ. ಮೂರ ಕಡೆ ಸಾಲಕ್ಕ ಹೋದೆ. ನಿಮ್ಮ ಕಂಪನಿ ಯಾಕ ಬ್ಯಾಡ ಅಂತು ಅಂತ ಎಲ್ಲಾರೂ ಕೇಳ್ತಾರ. ಏನ್ ಹೇಳ್ಲಿ? ನಾ ಸುಳ್ಳ ಹೇಳೀನಿ ಅಂತ ಹೇಳ್ಲೇನು?’ ಮತ್ತೆ ಒಳಗೆ ಹೋಗಿ ಕೆಲಸಗಾರರ ನಡುವೆ ನಿಂತರು. ನನ್ನ ಚಹಾ ಹಾಗೆಯೇ ಇತ್ತು.

ಪ್ರಣವನಿಗೆ ಹೇಳಿಲ್ಲ. ಇಂದು ಅವನ ಮನೆಯ ಓಣಿಯವರೆಗೂ ಹೋಗಿ ಹಿಂದಿರುಗಿದೆ. ಅವನಿಗೆ ಮೊದಲು ಹೇಳಿದರೆ ‘ಬಿಡಪಾ, ಆಗಿದ್ದು ಆತು, ಊಟ ಮಾಡು’ ಎನ್ನುತ್ತಾನೆ. ಕ್ಷಮಿಸಿಯೇ ಬಿಡುತ್ತಾನೆ, ಆ ಮಹಾಪುರುಷ! ಅದರಲ್ಲೂ ಅವನೇ ನನಗಿಂತ ಮೇಲೆ! ನಗಬೇಡಿ ಸಭಿಕರೇ, ನನ್ನ ಹೊಟ್ಟೆಕಿಚ್ಚು ಆರಿಲ್ಲ. ನಾಳೆ ನಿಜ ಹೇಳಿದರೂ ಕಣ್ಣೊರೆಸಿಕೊಳ್ಳುವವರು ಅವನ ಸಲುವಾಗಿಯೇ ಒರೆಸಿಕೊಳ್ಳುತ್ತಾರೆಂದು ನನಗೆ ಗೊತ್ತು. ಗೊತ್ತಿದ್ದೂ ಈಗಲೂ ಉರಿಯುತ್ತಿದೆ.

ಕಾಯಂ ಮಾಡುವ ಕಾಗದಕ್ಕೆ ಇನ್ನೂ ಸಹಿ ಆಗಿಲ್ಲ. ಆಗುವುದೂ ಇಲ್ಲ. ಎರಡು ವರ್ಷದ ಓದು, ಈ ಕೋಣೆ, ಕುರ್ಚಿ, ಎಲ್ಲ ಲೆಕ್ಕ ಹಾಕಿ ನೋಡಿದ್ದೇನೆ. ಇಪ್ಪತ್ತೆಂಟಕ್ಕೆ ಮತ್ತೆ ಯಾವ ದಾರಿ ಹಿಡಿಯಬೇಕೋ ತಿಳಿಯದು.

ನಾಳೆ ಬೆಳಿಗ್ಗೆ ಪ್ರಣವ ಹತ್ತುವ ರೈಲಿಗಿಂತ ಒಂದು ರೈಲು ಮೊದಲು ಹೊರಡುತ್ತೇನೆ. ಕಾಮಾಕ್ಷಮ್ಮನವರು ಎಂಟೂವರೆಗೆ ಬರುತ್ತಾರೆ. ಅವರು ಬೀಗ ತೆಗೆಯುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟು, ಜೈಭೀಮ ಹೇಳಿದ್ದನ್ನು ಮೊದಲು ಓದುತ್ತೇನೆ. ಆಮೇಲೆ, ಈ ಸಾಲನ್ನು ಬಿಟ್ಟವನು ನಾನು ಎಂದು ಹೇಳುತ್ತೇನೆ.

ದೇವಾನಂದ